ಹ್ಯಾನೋವರಿನಿಂದ ಮರಳಿ ಬಂದ ಹಾಡು: ಗ್ರಾಮಫೋನ್ ತಟ್ಟೆಯೂ ಶ್ರಾವಕನ ವಿವೇಕವೂ

ಅಂಗಡಿಯಲ್ಲಿ ಒಂದು ವಸ್ತುವನ್ನು ಕೊಳ್ಳುವುದು ತೀರ ಸಣ್ಣ ಕ್ರಿಯೆಯೆಂದು ಲೋಕವು ಭಾವಿಸುತ್ತದೆ. ಹಣ ಕೊಟ್ಟೆವು, ವಸ್ತು ಕೈಸೇರಿತು, ಅಲ್ಲಿಗೆ ವ್ಯವಹಾರ ಮುಗಿಯಿತು ಎಂಬುದು ರೂಢಿಯ ಮಾತು. ಶ್ರಾವಕಾಚಾರ ಗ್ರಂಥಗಳನ್ನು ರಚಿಸಿದ ಆಚಾರ್ಯರ ದೃಷ್ಟಿ ಹಾಗಿರಲಿಲ್ಲ. ಗೃಹಸ್ಥನಿಗೆ ವಿಧಿಸಿದ ವ್ರತಗಳನ್ನು ಅವಲೋಕಿಸಿದರೆ, ಅವುಗಳಲ್ಲಿ ಹಲವು ಕೊಳ್ಳುವ, ಮಾರುವ, ಕೂಡಿಡುವ, ಅನುಭವಿಸುವ ಕ್ರಿಯೆಗಳನ್ನೇ ಕುರಿತಿರುವುದು ಕಂಡುಬರುತ್ತದೆ. ಅಚೌರ್ಯ, ಪರಿಗ್ರಹ ಪರಿಮಾಣ, ಭೋಗೋಪಭೋಗ ಪರಿಮಾಣ, ಅನರ್ಥದಂಡ ವಿರತಿ ಇವೆಲ್ಲವೂ ಬಸದಿಯ ಒಳಗಿಗಿಂತ ಹೆಚ್ಚಾಗಿ ಪೇಟೆಯ ಬೀದಿಯಲ್ಲಿ ಪರೀಕ್ಷೆಗೊಳಗಾಗುವ ವ್ರತಗಳು.

ಅನ್ನ, ವಸ್ತ್ರ, ಔಷಧಗಳನ್ನು ಕೊಳ್ಳುವಾಗ ಅವಶ್ಯಕತೆಯೆಂಬ ಸಮಾಧಾನವಾದರೂ ಇರುತ್ತದೆ. ಕೇವಲ ಸಂತೋಷಕ್ಕಾಗಿ, ಕಿವಿಯ ತಣಿವಿಗಾಗಿ ಕೊಳ್ಳುವ ವಸ್ತುವಿನ ವಿಷಯದಲ್ಲಿ ಆ ಸಮಾಧಾನವೂ ಇಲ್ಲ. ಆದುದರಿಂದ ವಿವೇಕದ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿಯೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದ ಸಂಗೀತರಸಿಕರ ಮುಂದೆ ಇಂಥದೊಂದು ಪರೀಕ್ಷೆ ಬಂದಿತು. ತಾನು ಮೆಚ್ಚಿದ ಗಾಯಕಿಯ ಹೊಸ ತಟ್ಟೆಯು ಹಡಗಿನಲ್ಲಿ ಬಂದಿಳಿದಿದೆ. ಅದನ್ನು ಕೊಳ್ಳಬೇಕೇ, ಬಿಡಬೇಕೇ ಎಂಬುದೇ ಆ ಪರೀಕ್ಷೆ. ಹಾಡಿದವರು ನಮ್ಮವರು, ಹಾಡು ನಮ್ಮದು, ಆದರೆ ತಟ್ಟೆ ಪರದೇಶದ್ದು. ಆ ಪ್ರಶ್ನೆಯ ಇತಿಹಾಸವನ್ನು ಸ್ಥೂಲವಾಗಿ ನಿರೂಪಿಸಿ, ಅದರಿಂದ ಇಂದಿನ ಶ್ರಾವಕ ಕುಟುಂಬಗಳೂ ಬಸದಿಗಳ ಆಡಳಿತ ಮಂಡಳಿಗಳೂ ಗ್ರಹಿಸಬಹುದಾದುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಧ್ವನಿಯ ಸಮುದ್ರಯಾನ

ಧ್ವನಿಯನ್ನು ಹಿಡಿದಿಟ್ಟು ಮತ್ತೆ ನುಡಿಸುವ ಫೋನೋಗ್ರಾಫ್ ಯಂತ್ರವನ್ನು ಅಮೆರಿಕದ ಥಾಮಸ್ ಎಡಿಸನ್ 1877ರಲ್ಲಿ ನಿರ್ಮಿಸಿದರು. ಅದರಲ್ಲಿ ಧ್ವನಿಯು ಕೊಳವೆಯಾಕಾರದ ಉರುಳೆಯ ಮೇಲೆ ಮೂಡುತ್ತಿತ್ತು. ಹತ್ತು ವರ್ಷಗಳ ತರುವಾಯ, 1887ರಲ್ಲಿ, ಎಮಿಲ್ ಬರ್ಲಿನರ್ ಎಂಬುವರು ಚಪ್ಪಟೆಯಾದ ತಟ್ಟೆಯ ಮೇಲೆ ಧ್ವನಿಯನ್ನು ಮೂಡಿಸುವ ಗ್ರಾಮಫೋನನ್ನು ರೂಪಿಸಿದರು. ಉರುಳೆಗಿಂತ ತಟ್ಟೆಯ ಅನುಕೂಲವೇನೆಂದರೆ, ಒಂದು ಅಚ್ಚಿನಿಂದ ಸಾವಿರಾರು ಪ್ರತಿಗಳನ್ನು ಸುಲಭವಾಗಿ ಒತ್ತಬಹುದು. ಬರ್ಲಿನರ್ ಮತ್ತು ಅವರ ಸಹೋದರ ಜೋಸೆಫ್ 1898ರಲ್ಲಿ ಜರ್ಮನಿಯ ಹ್ಯಾನೋವರ್ ನಗರದಲ್ಲಿ ತಟ್ಟೆಗಳನ್ನು ಒತ್ತುವ ಕಾರ್ಖಾನೆಯನ್ನು ಸ್ಥಾಪಿಸಿದರು. ಲಂಡನ್ನಿನ ಗ್ರಾಮಫೋನ್ ಕಂಪನಿಯ ತಟ್ಟೆಗಳು ತಯಾರಾಗುತ್ತಿದ್ದುದು ಅಲ್ಲಿಯೇ.

ಆ ಕಂಪನಿಯ ಧ್ವನಿಮುದ್ರಣ ನಿಪುಣ ಫ್ರೆಡ್ ಗೈಸ್‌ಬರ್ಗ್ 1902ರ ಕೊನೆಯಲ್ಲಿ ಕಲ್ಕತ್ತೆಗೆ ಬಂದರು. ಪೂರ್ವದೇಶಗಳ ಸಂಗೀತವನ್ನು ಮುದ್ರಿಸಿ, ಆ ದೇಶಗಳಲ್ಲಿಯೇ ತಟ್ಟೆಗಳನ್ನೂ ಯಂತ್ರಗಳನ್ನೂ ಮಾರುವುದು ಅವರ ಯಾತ್ರೆಯ ಉದ್ದೇಶವಾಗಿತ್ತು. ಆ ವರ್ಷದ ನವೆಂಬರ್ ತಿಂಗಳಿನಲ್ಲಿ ನಡೆದ ಮುದ್ರಣಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಗೌಹರ್ ಜಾನ್ ಅವರದು. 1873ರಲ್ಲಿ ಆಜಮ್‌ಗಢದಲ್ಲಿ ಜನಿಸಿದ ಅವರು, ತಾಯಿ ಮಲ್ಕಾ ಜಾನ್ ಅವರೊಂದಿಗೆ ಬನಾರಸಿನಲ್ಲಿದ್ದು, ಅನಂತರ ಕಲ್ಕತ್ತೆಗೆ ಬಂದು ನೆಲೆಸಿ, ಅಲ್ಲಿನ ರಸಿಕವರ್ಗದಲ್ಲಿ ಅಸಾಧಾರಣ ಖ್ಯಾತಿಯನ್ನು ಗಳಿಸಿದ್ದರು. ಅಂದು ಮೈಕ್ರೋಫೋನ್ ಇರಲಿಲ್ಲ. ಗೋಡೆಯಿಂದ ಚಾಚಿದ ದೊಡ್ಡದೊಂದು ಕಹಳೆಯ ಬಾಯಿಗೆ ಮುಖವೊಡ್ಡಿ, ತಲೆ ಅಲುಗಿಸದೆ, ಗಟ್ಟಿಯಾಗಿ ಹಾಡಬೇಕಾಗಿತ್ತು. ಮೆಹಫಿಲುಗಳಲ್ಲಿ ಗಂಟೆಗಟ್ಟಲೆ ವಿಸ್ತರಿಸುತ್ತಿದ್ದ ರಾಗವನ್ನು ಮೂರು ನಿಮಿಷಗಳ ಮಿತಿಯೊಳಗೆ ಅಡಕಗೊಳಿಸಬೇಕಾಗಿತ್ತು. ಹಾಡು ಮುಗಿದೊಡನೆ ಗೌಹರ್ ಜಾನ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದರು. ಹ್ಯಾನೋವರಿನಲ್ಲಿ ತಟ್ಟೆಗೆ ಹೆಸರಿನ ಚೀಟಿ ಅಂಟಿಸುವ ಕೆಲಸಗಾರರಿಗೆ ಹಾಡಿದವರು ಯಾರೆಂಬುದು ತಿಳಿಯಲೆಂದು ಈ ಏರ್ಪಾಡು ಎಂದು ಇತಿಹಾಸಕಾರರು ವಿವರಿಸುತ್ತಾರೆ.

ಮೇಣದ ಮೇಲೆ ಮೂಡಿದ ಆ ಮೂಲಮುದ್ರಣಗಳು ಹಡಗನ್ನೇರಿ ಜರ್ಮನಿಗೆ ಹೋದವು. ಅಲ್ಲಿ ಲೋಹದ ಅಚ್ಚುಗಳಾಗಿ, ಅಚ್ಚುಗಳಿಂದ ತಟ್ಟೆಗಳಾಗಿ, 1903ರಲ್ಲಿ ಪುನಃ ಹಡಗಿನಲ್ಲಿ ಕಲ್ಕತ್ತೆಗೆ ಬಂದವು. ಹೀಗೆ ಕಲ್ಕತ್ತೆಯಲ್ಲಿ ಹಾಡಿದ ಹಾಡು ಕಲ್ಕತ್ತೆಯ ಮನೆಯನ್ನು ಮುಟ್ಟಲು ಅರ್ಧ ಭೂಮಂಡಲವನ್ನು ಎರಡು ಬಾರಿ ದಾಟಬೇಕಾಯಿತು. ಮುಂದಿನ ವರ್ಷಗಳಲ್ಲಿ ಗ್ರಾಮಫೋನ್ ಕಂಪನಿಯ ಬೇರೆ ನಿಪುಣರು ಭಾರತಕ್ಕೆ ಬಂದರು. ಬರ್ಲಿನ್ನಿನ ಬೆಕಾ, ಓಡಿಯನ್, ನಿಕೋಲ್ ಮೊದಲಾದ ಕಂಪನಿಗಳೂ ಸ್ಪರ್ಧೆಗಿಳಿದವು. ಕಲ್ಕತ್ತೆಯ ಸಿಯಾಲ್ದಾದಲ್ಲಿ 1908ರಲ್ಲಿ ಗ್ರಾಮಫೋನ್ ಕಂಪನಿಯ ಕಾರ್ಖಾನೆ ಆರಂಭವಾಗುವವರೆಗೆ ಆ ಕಂಪನಿಯ ಭಾರತೀಯ ತಟ್ಟೆಗಳೆಲ್ಲವೂ ಪರದೇಶದಿಂದ ಬರುವ ಸರಕೇ ಆಗಿದ್ದವು. ಯಂತ್ರವಾಗಲಿ ತಟ್ಟೆಯಾಗಲಿ ಸಾಮಾನ್ಯ ಗುಮಾಸ್ತನ ಕೈಗೆ ಎಟುಕುವಂತಿರಲಿಲ್ಲ. ಜಮೀನ್ದಾರರು, ವಕೀಲರು, ವರ್ತಕರು ಮೊದಲ ಗಿರಾಕಿಗಳಾದರು. ವ್ಯಾಪಾರವೃತ್ತಿಯಲ್ಲಿ ಪ್ರಮುಖವಾಗಿದ್ದ ನಮ್ಮ ಸಮಾಜಕ್ಕೂ ಈ ಪ್ರಶ್ನೆ ಹೊರಗಿನದಾಗಿರಲಿಲ್ಲವೆಂಬುದನ್ನು ಇದರಿಂದ ಊಹಿಸಬಹುದು.

ಸ್ವದೇಶಿಯೆಂಬ ಒರೆಗಲ್ಲು

ತಟ್ಟೆಗಳ ಆಮದು ಹೀಗೆ ಬೆಳೆಯುತ್ತಿರುವಾಗಲೇ ಬಂಗಾಳದ ವಿಭಜನೆಯ ಪ್ರಕಟಣೆ ಹೊರಬಿದ್ದಿತು. 1905ರ ಆಗಸ್ಟ್ 7ರಂದು ಕಲ್ಕತ್ತೆಯ ಪುರಭವನದಲ್ಲಿ ಸೇರಿದ ಸಭೆಯು ವಿದೇಶಿ ವಸ್ತುಗಳ ಬಹಿಷ್ಕಾರವನ್ನು ಘೋಷಿಸಿತು. ಅಕ್ಟೋಬರ್ 16ರಂದು ವಿಭಜನೆ ಜಾರಿಗೆ ಬಂದಾಗ ಸ್ವದೇಶಿ ಚಳವಳಿಯು ಬೀದಿ ಬೀದಿಗೂ ಹಬ್ಬಿತು. ಮ್ಯಾಂಚೆಸ್ಟರಿನ ಬಟ್ಟೆ, ಲಿವರ್‌ಪೂಲಿನ ಉಪ್ಪು, ವಿದೇಶಿ ಸಕ್ಕರೆ ಇವು ಬಹಿಷ್ಕಾರದ ಮುಖ್ಯ ಗುರಿಗಳಾದವು. ನಮ್ಮ ನಾಡಿನಲ್ಲಿ ಧಾರವಾಡ, ಬೆಳಗಾವಿಗಳ ಕಡೆ ಲೋಕಮಾನ್ಯ ತಿಲಕರ ಪ್ರಭಾವದಿಂದ ಈ ಭಾವನೆ ಬೇರೂರಿತು. ಆಲೂರು ವೆಂಕಟರಾಯರಂಥ ತರುಣರು ಅದರಿಂದ ಸ್ಫೂರ್ತಿಗೊಂಡು ಕಾರ್ಯಪ್ರವೃತ್ತರಾದರು.

ಈಗ ಗ್ರಾಮಫೋನ್ ತಟ್ಟೆಯನ್ನು ಯಾವ ಸಾಲಿಗೆ ಸೇರಿಸಬೇಕು? ಬಟ್ಟೆಯ ವಿಷಯದಲ್ಲಿ ಉತ್ತರ ಸರಳವಾಗಿತ್ತು. ಮ್ಯಾಂಚೆಸ್ಟರಿನ ಧೋತರಕ್ಕೆ ಬದಲಾಗಿ ನಮ್ಮ ನೇಕಾರನ ಧೋತರವಿತ್ತು. ಗೌಹರ್ ಜಾನ್ ಅವರ ಕಂಠಕ್ಕೆ ಬದಲಾಗಿ ಬೇರೊಂದು ಕಂಠವಿಲ್ಲ. ತಟ್ಟೆಯನ್ನು ತ್ಯಜಿಸಿದರೆ ತ್ಯಜಿಸಿದಂತಾಗುವುದು ಪರದೇಶದ ವಸ್ತುವನ್ನೋ, ಸ್ವದೇಶದ ಸಂಗೀತವನ್ನೋ? ಈ ತೊಡಕನ್ನು ಹೆಚ್ಚಿಸಿದ ಇನ್ನೊಂದು ಸಂಗತಿಯಿದೆ. ಸ್ವದೇಶಿ ಗೀತೆಗಳಿಗೆ ಗಿರಾಕಿಗಳಿರುವುದನ್ನು ಕಂಡ ವಿದೇಶಿ ಕಂಪನಿಗಳು ಅವುಗಳನ್ನೇ ಮುದ್ರಿಸಿ ಮಾರತೊಡಗಿದವು. ವಿದೇಶಿ ವಸ್ತುವನ್ನು ಬಿಡಿರೆಂದು ಸಾರುವ ಹಾಡು ವಿದೇಶಿ ವಸ್ತುವಿನಲ್ಲಿಯೇ ಮನೆಗೆ ಬಂದಿತು.

ಈ ತೊಡಕಿಗೆ ಪರಿಹಾರವನ್ನು ಹುಡುಕಿದವರಲ್ಲಿ ಹೇಮೇಂದ್ರ ಮೋಹನ್ ಬೋಸ್ ಪ್ರಮುಖರು. ಕುಂತಳೀನ್ ಎಂಬ ಕೇಶತೈಲದಿಂದ ಬಂಗಾಳದಲ್ಲೆಲ್ಲ ಹೆಸರಾಗಿದ್ದ ಈ ಉದ್ಯಮಿ, ಸ್ವದೇಶಿ ಚಳವಳಿಯ ಕಾಲದಲ್ಲಿ ಫೋನೋಗ್ರಾಫಿನ ಉರುಳೆಗಳ ಮೇಲೆ ತಾವೇ ಧ್ವನಿಮುದ್ರಣವನ್ನು ಕೈಗೊಂಡರು. ರವೀಂದ್ರನಾಥ ಠಾಕೂರರ ಕಂಠವನ್ನು ಅವರು ಮುದ್ರಿಸಿದರು. ಇದು ನಿಜವಾಗಿಯೂ ಶ್ಲಾಘ್ಯವಾದ ಸಾಹಸ. ಆದರೆ ಉರುಳೆಗಳ ಕಾಲ ಮುಗಿಯುತ್ತಿತ್ತು. ತಟ್ಟೆಗಳ ಎದುರು ಅವು ನಿಲ್ಲಲಾರದಾದಾಗ ಬೋಸರು ತಮ್ಮ ಮುದ್ರಣಗಳನ್ನು ಫ್ರಾನ್ಸಿನ ಪಾಥೆ ಕಂಪನಿಯ ಮೂಲಕ ತಟ್ಟೆಗಳನ್ನಾಗಿ ಮಾಡಿಸಿ ತರಿಸಬೇಕಾಯಿತು. ಸ್ವದೇಶಿ ಉದ್ಯಮಿಯ ತಟ್ಟೆಯೂ ಕೊನೆಗೆ ಪರದೇಶದ ಅಚ್ಚಿನಲ್ಲಿಯೇ ಹುಟ್ಟಿತು.

ಇತ್ತ 1908ರ ಅನಂತರ ಸಿಯಾಲ್ದಾದಲ್ಲಿ ಒತ್ತಿದ ತಟ್ಟೆಯು ಭಾರತದಲ್ಲಿಯೇ ತಯಾರಾದ ವಸ್ತುವಾಯಿತು. ಕೆಲಸಗಾರರು ಭಾರತೀಯರು, ಲಾಭದ ಒಡೆಯರು ಲಂಡನ್ನಿನವರು. ಅದು ಸ್ವದೇಶಿಯೋ ವಿದೇಶಿಯೋ? ಅಂದಿನ ರಸಿಕನಿಗೆ ಒಂದೇ ಮಾತಿನ ಉತ್ತರ ದೊರೆಯುವಂತಿರಲಿಲ್ಲ. ಒಂದು ವಸ್ತುವಿನ ಕುಲವನ್ನು ಅದು ಬಂದ ರೇವಿನ ಹೆಸರಿನಿಂದ ಮಾತ್ರ ನಿರ್ಣಯಿಸಲಾಗದು ಎಂಬ ಪಾಠವನ್ನು ಗ್ರಾಮಫೋನ್ ತಟ್ಟೆಯು ಭಾರತಕ್ಕೆ ಬಹಳ ಬೇಗನೆ ಕಲಿಸಿತು. ಈ ಪಾಠಕ್ಕೆ ಇನ್ನೂ ಆಳವಾದ ಪದರವೊಂದಿದೆ. ಅದನ್ನು ಕಾಣಬೇಕಾದರೆ ತಟ್ಟೆಯು ಯಾವ ದ್ರವ್ಯದಿಂದ ಆಗಿತ್ತೆಂಬುದನ್ನು ಕೇಳಬೇಕು.

ಅರಗಿನ ಹುಳುವಿನ ಋಣ

ಆ ಕಾಲದ ತಟ್ಟೆಗಳನ್ನು ಒಂದಕ್ಕೊಂದು ಹಿಡಿದಿಟ್ಟಿದ್ದ ಅಂಟು ಅರಗು. ಕಲ್ಲಿನ ನುಣುಪು ಹುಡಿ, ಕಪ್ಪು ಬಣ್ಣಕ್ಕಾಗಿ ಕಾಡಿಗೆ, ಹತ್ತಿಯ ಎಳೆ ಇವುಗಳನ್ನು ಶೋಧಿಸಿದ ಅರಗಿನೊಡನೆ ಕಾಯಿಸಿ ಕಲಸಿ, ಬಿಸಿಯಿರುವಾಗಲೇ ಅಚ್ಚಿನಲ್ಲಿ ಒತ್ತುತ್ತಿದ್ದರು. ಜಗತ್ತಿಗೆ ಬೇಕಾದ ಅರಗಿನ ಬಹುಪಾಲನ್ನು ಒದಗಿಸುತ್ತಿದ್ದುದು ಭಾರತವೇ. ಛೋಟಾ ನಾಗಪುರದ ಕಾಡುಗಳು, ಮಧ್ಯಪ್ರಾಂತಗಳು, ಬಂಗಾಳ ಇವು ಅದರ ನೆಲೆಗಳು. ಮಿರ್ಜಾಪುರವು ಅರಗನ್ನು ಶೋಧಿಸುವ ಪ್ರಸಿದ್ಧ ಕೇಂದ್ರವಾಗಿತ್ತು. ಅಂದಮೇಲೆ ಹ್ಯಾನೋವರಿನಿಂದ ಬಂದ ತಟ್ಟೆಯಲ್ಲಿ ಹಾಡು ಮಾತ್ರವಲ್ಲ, ಅದನ್ನು ಹೊತ್ತ ದ್ರವ್ಯದ ಮುಖ್ಯ ಭಾಗವೂ ನಮ್ಮ ನೆಲದ್ದೇ ಎನ್ನಬಹುದು. ಕಾಡಿನ ಆದಿವಾಸಿಯು ಸಂಗ್ರಹಿಸಿದ ಅರಗೂ ನಗರದ ಗಾಯಕಿಯ ಕಂಠವೂ ಬೇರೆಬೇರೆ ಹಡಗುಗಳಲ್ಲಿ ಹೊರಟು, ಪರದೇಶದಲ್ಲಿ ಒಂದಾಗಿ, ಪರದೇಶದ ಸರಕೆಂಬ ಹೆಸರಿನಿಂದ ಮರಳಿ ಬಂದು, ನಮ್ಮಿಂದಲೇ ಬೆಲೆಯನ್ನು ಪಡೆದವು.

ಅರಗು ಕೀಟಜನ್ಯ ವಸ್ತು. ಮುತ್ತುಗ, ಎಲಚಿ, ಕುಸುಮ್ ಮೊದಲಾದ ಮರಗಳ ಎಳೆಯ ಕೊಂಬೆಗಳ ಮೇಲೆ ಅಸಂಖ್ಯವಾದ ಸೂಕ್ಷ್ಮ ಕೀಟಗಳು ನೆಲೆಗೊಂಡು, ರಸವನ್ನು ಹೀರಿ, ಮೈಯಿಂದ ಒಸರುವ ಅಂಟಿನ ಹೊದಿಕೆಯನ್ನು ತಮ್ಮ ಸುತ್ತ ಕಟ್ಟಿಕೊಳ್ಳುತ್ತವೆ. ಆ ಹೊದಿಕೆಯೊಳಗೇ ತಾಯಿಕೀಟವು ಮೊಟ್ಟೆಯಿಟ್ಟು ಸಾಯುತ್ತದೆ. ಮರಿಗಳು ಹೊರಬಂದು ಹೊಸ ಚಿಗುರನ್ನು ಅರಸಿ ಹೋಗುತ್ತವೆ. ಮರಿಗಳು ಹೊರಟುಹೋದ ಮೇಲೆ ಕೊಂಬೆಯನ್ನು ಕತ್ತರಿಸಿದರೆ ಪ್ರಾಣಹಾನಿ ಕಡಿಮೆ. ಅದಕ್ಕೆ ಮೊದಲೇ ಕತ್ತರಿಸಿದರೆ ತಾಯಿಯೂ ಮರಿಗಳೂ ಒಟ್ಟಿಗೆ ನಾಶವಾಗುತ್ತವೆ. ಕೊಂಬೆಯಿಂದ ಕೆರೆದ ಅರಗನ್ನು ಅರೆದು, ತೊಳೆದು ಕೆಂಬಣ್ಣವನ್ನು ಬೇರ್ಪಡಿಸಿ, ಬಟ್ಟೆಯ ಚೀಲದಲ್ಲಿಟ್ಟು ಬೆಂಕಿಯ ಮುಂದೆ ಕರಗಿಸಿ ಹಿಂಡುತ್ತಾರೆ. ಒಂದು ಸೇರು ಅರಗಿನ ಹಿಂದೆ ಇರುವ ಜೀವಿಗಳ ಸಂಖ್ಯೆಯನ್ನು ಲಕ್ಷದ ಲೆಕ್ಕದಲ್ಲಿ ಹೇಳಬೇಕಾಗುತ್ತದೆ.

ಜೈನ ಆಚಾರ್ಯರಿಗೆ ಈ ವಿಷಯ ಹೊಸದಲ್ಲ. ಗೃಹಸ್ಥನು ವರ್ಜಿಸಬೇಕಾದ ಹದಿನೈದು ಉದ್ಯೋಗಗಳನ್ನು ಉಪಾಸಕದಶಾ ಗ್ರಂಥವು ಹೆಸರಿಸುತ್ತದೆ. ಇದ್ದಿಲು ಸುಡುವುದು, ಕಾಡು ಕಡಿಯುವುದು, ದಂತದ ವ್ಯಾಪಾರ, ವಿಷದ ವ್ಯಾಪಾರ ಇತ್ಯಾದಿಗಳ ಜೊತೆಗೆ ಅರಗಿನ ವ್ಯಾಪಾರವೂ ಅದರಲ್ಲಿದೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಇವನ್ನು ವಿವರಿಸಿದ್ದಾರೆ. ದಿಗಂಬರ ಪರಂಪರೆಯಲ್ಲಿ ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಇವನ್ನೇ ಖರಕರ್ಮಗಳೆಂದು ಪ್ರಸ್ತಾಪಿಸುತ್ತಾರೆ. ಆಶಾಧರರು ಅಲ್ಲಿಗೆ ನಿಲ್ಲುವುದಿಲ್ಲ. ಲೋಕದಲ್ಲಿ ಪಾಪಯುಕ್ತವಾದ ಉದ್ಯೋಗಗಳು ಅಸಂಖ್ಯವಾದುದರಿಂದ ಹದಿನೈದೆಂದು ಎಣಿಸುವುದು ಸಮರ್ಪಕವಲ್ಲವೆಂದೂ, ಮಂದಬುದ್ಧಿಯವರಿಗಾಗಿ ಮಾತ್ರ ಅಂಥ ಪಟ್ಟಿ ಬೇಕಾದೀತೆಂದೂ ಅವರ ಅಭಿಪ್ರಾಯ. ಈ ಮಾತು ಅತ್ಯಂತ ಮನನೀಯವಾದುದು. ಪಟ್ಟಿಯಲ್ಲಿ ಇಲ್ಲದುದೆಲ್ಲವೂ ನಿರ್ದೋಷವೆಂದು ತಿಳಿಯುವವನು ಪಟ್ಟಿಯನ್ನು ಓದಿದ್ದಾನೆಯೇ ಹೊರತು ಅದರ ಆಶಯವನ್ನು ಓದಿಲ್ಲ.

ಹಾಗಾದರೆ ಒಂದು ತಟ್ಟೆಯನ್ನು ಕೊಂಡ ರಸಿಕನು ಅರಗಿನ ವ್ಯಾಪಾರಿಯ ಪಾಪಕ್ಕೆ ಸಮಭಾಗಿಯೇ? ಹಾಗೆ ಹೇಳುವುದು ಅತಿಯಾದೀತು. ನಿಷೇಧವಿರುವುದು ಆ ವೃತ್ತಿಗೆ. ಮಹಿಳೆಯರ ಅರಗಿನ ಬಳೆ, ಪತ್ರಗಳ ಮುದ್ರೆ, ಚನ್ನಪಟ್ಟಣದ ಬೊಂಬೆಗಳ ಮೆರುಗು ಇವೆಲ್ಲವೂ ಅರಗಿನವೇ ಆಗಿದ್ದು, ನಮ್ಮ ಮನೆಗಳೂ ಇವುಗಳಿಂದ ಹೊರತಾಗಿರಲಿಲ್ಲ. ಅರಗಿನ ಸಂಗ್ರಹವು ಛೋಟಾ ನಾಗಪುರದ ಬಡ ಕುಟುಂಬಗಳಿಗೆ ಕೈಕಾಸು ದೊರಕುವ ಕೆಲವೇ ಮಾರ್ಗಗಳಲ್ಲಿ ಒಂದಾಗಿತ್ತು ಎಂಬುದನ್ನೂ ಮರೆಯಬಾರದು. ಆದರೆ ಕೃತ, ಕಾರಿತ, ಅನುಮತ ಎಂಬ ಮೂರು ಬಗೆಗಳನ್ನು ಬೋಧಿಸಿದ ಧರ್ಮವು, ಕೊಳ್ಳುವವನಿಗೂ ತಯಾರಿಕೆಗೂ ಸಂಬಂಧವೇ ಇಲ್ಲವೆಂಬ ಸಮಾಧಾನವನ್ನೂ ಕೊಡುವುದಿಲ್ಲ. ಹಿಂಸೆಯ ಪ್ರಮಾಣವು ಬೇಡಿಕೆಯ ಪ್ರಮಾಣವನ್ನು ಅನುಸರಿಸುತ್ತದೆ. ಹತ್ತು ಬಾರಿ ಕೇಳಿ ಮೂಲೆಗೆಸೆಯುವ ನೂರು ತಟ್ಟೆಗಳಿಗೂ, ಜೀವಮಾನವೆಲ್ಲ ಕೇಳುವ ಐದು ತಟ್ಟೆಗಳಿಗೂ ಇರುವ ಅಂತರವು ಇಲ್ಲಿ ನೈತಿಕವಾದ ಅಂತರವಾಗುತ್ತದೆ.

ಸ್ವದೇಶಿ ಚಳವಳಿಯು ಮೇಲೆತ್ತಿದ ಪ್ರಶ್ನೆ ವಸ್ತುವು ಯಾರದೆಂಬುದು. ವಸ್ತುವು ಯಾವುದರಿಂದ ಆದುದೆಂಬ ಪ್ರಶ್ನೆ ಸಕ್ಕರೆಯ ವಿಷಯದಲ್ಲಿ ಅಂದೂ ಎದ್ದಿತ್ತು. ಕಾರ್ಖಾನೆಗಳಲ್ಲಿ ಸಕ್ಕರೆಯನ್ನು ಬಿಳುಪುಗೊಳಿಸಲು ಮೂಳೆಯ ಇದ್ದಿಲನ್ನು ಬಳಸುತ್ತಿದ್ದುದು ಅನೇಕರ ಆಕ್ಷೇಪಕ್ಕೆ ಕಾರಣವಾಗಿತ್ತು. ತಟ್ಟೆಯನ್ನು ಬಾಯಲ್ಲಿಡುವುದಿಲ್ಲವಾದುದರಿಂದ ಅದರ ದ್ರವ್ಯ ಮರೆಯಲ್ಲಿಯೇ ಉಳಿಯಿತು. ಮುಂದೆ 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯು ದೀರ್ಘಕಾಲ ನುಡಿಯುವ ವಿನೈಲ್ ತಟ್ಟೆಯನ್ನು ಹೊರತಂದ ಮೇಲೆ ಅರಗಿನ ತಟ್ಟೆಗಳು ಕ್ರಮೇಣ ಮರೆಯಾದವು. ಭಾರತದಲ್ಲಿ ಅವು ಬಹುಕಾಲ ಉಳಿದವು. 1960ರ ದಶಕದಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡದ ಹೊಸ ಹಾಡುಗಳು ಕೂಡ ಕಲ್ಕತ್ತೆಯ ಡಮ್‌ಡಮ್ ಕಾರ್ಖಾನೆಯಲ್ಲಿ ಅರಗಿನ ತಟ್ಟೆಗಳಾಗಿ ಒತ್ತಲ್ಪಟ್ಟವು. ಮೊದಲು ನಮ್ಮ ಹಾಡು ಪರದೇಶದ ಅಚ್ಚಿನಲ್ಲಿ ಬಂದಿತ್ತು. ಈಗ ಪರದೇಶದ ಹಾಡು ನಮ್ಮ ಅಚ್ಚಿನಲ್ಲಿ ಬಂದಿತು. ಹುಳುವಿನ ಪಾಲಿಗೆ ಎರಡೂ ಒಂದೇ.

ಭೋಗವು ಉಪಭೋಗವಾದ ಬಗೆ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗಕ್ಕೂ ಉಪಭೋಗಕ್ಕೂ ಇರುವ ಭೇದವನ್ನು ಸ್ಪಷ್ಟಪಡಿಸಿದ್ದಾರೆ. ಒಮ್ಮೆ ಅನುಭವಿಸಿದೊಡನೆ ತೀರಿಹೋಗುವುದು ಭೋಗ. ಅನ್ನ ಇದಕ್ಕೆ ಉದಾಹರಣೆ. ಮತ್ತೆ ಮತ್ತೆ ಅನುಭವಿಸಬಹುದಾದುದು ಉಪಭೋಗ. ವಸ್ತ್ರ ಇದಕ್ಕೆ ಉದಾಹರಣೆ. ಈ ಭೇದವನ್ನು ಸಂಗೀತಕ್ಕೆ ಅನ್ವಯಿಸಿ ನೋಡಿದರೆ ಗ್ರಾಮಫೋನು ಮಾಡಿದ ಬದಲಾವಣೆಯ ಆಳ ಅರಿವಾಗುತ್ತದೆ. ಸಾವಿರಾರು ವರ್ಷಗಳ ಕಾಲ ಸಂಗೀತವು ಭೋಗವಾಗಿತ್ತು. ಹಾಡುವವರ ಎದುರಿನಲ್ಲಿ ಕುಳಿತು ಕೇಳಬೇಕು, ಕೇಳಿದೊಡನೆ ಅದು ಕಳೆದುಹೋಗುತ್ತದೆ, ನೆನಪು ಮಾತ್ರ ಉಳಿಯುತ್ತದೆ. ಗ್ರಾಮಫೋನ್ ತಟ್ಟೆ ಅದನ್ನು ಉಪಭೋಗವನ್ನಾಗಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದಾದ ಪರಿಗ್ರಹವನ್ನಾಗಿ ಮಾರ್ಪಡಿಸಿತು.

ಇದರಿಂದ ಲಾಭವೇ ಆಗಲಿಲ್ಲವೆಂದು ಹೇಳುವಂತಿಲ್ಲ. ರಾಜರ ಆಸ್ಥಾನದಲ್ಲಿಯೋ ಧನಿಕರ ಹಜಾರದಲ್ಲಿಯೋ ಮಾತ್ರ ಕೇಳಿಬರುತ್ತಿದ್ದ ಕಂಠಗಳು ಸಾಮಾನ್ಯರನ್ನು ತಲುಪಿದವು. ದೇವದಾಸಿ, ತವಾಯಫ್ ಕುಲಗಳ ಗಾಯಕಿಯರಿಗೆ, ಸಮಾಜವು ಕೊಡದಿದ್ದ ಗೌರವವನ್ನು ತಟ್ಟೆಯ ಮೇಲಿನ ಹೆಸರು ಕೊಟ್ಟಿತು. ಬೆಂಗಳೂರು ನಾಗರತ್ನಮ್ಮನವರ ಕಂಠವು ಇಂದಿಗೂ ಉಳಿದಿರುವುದು ತಟ್ಟೆಗಳಿಂದಲೇ. ಧಾರವಾಡದಲ್ಲಿ ಸಂಗೀತ ಶಿಕ್ಷಕರಾಗಿದ್ದ ಮಹಾಗಾಯಕ ಭಾಸ್ಕರಬುವಾ ಬಖಲೆಯವರದು ಇದಕ್ಕೆ ವಿರುದ್ಧವಾದ ಉದಾಹರಣೆ. 1922ರಲ್ಲಿ ನಿಧನರಾದ ಅವರ ಗಾಯನದ ಒಂದು ತಟ್ಟೆಯೂ ನಮಗೆ ಉಳಿದಿಲ್ಲ. ಅವರ ಸಂಪತ್ತು ಶಿಷ್ಯರ ಕಂಠದಲ್ಲಿ ಮಾತ್ರ ಮುಂದುವರಿಯಿತು.

ದೋಷವಿರುವುದು ವಸ್ತುವಿನಲ್ಲಿಯೇ ಎಂದಲ್ಲ. ಅದರಲ್ಲಿ ನೆಲೆಸುವ ಮಮಕಾರವೇ ಪರಿಗ್ರಹವೆಂದು ಉಮಾಸ್ವಾಮಿಗಳು ಬೋಧಿಸಿದರು. ಹಾಡನ್ನು ಪ್ರೀತಿಸುವವನು ಕ್ರಮೇಣ ತಟ್ಟೆಗಳನ್ನು ಪ್ರೀತಿಸತೊಡಗುತ್ತಾನೆ. ಅನಂತರ ತಟ್ಟೆಗಳ ಸಂಖ್ಯೆಯನ್ನು, ಕೊನೆಗೆ ಆ ಸಂಖ್ಯೆ ಪಕ್ಕದ ಮನೆಯವನಲ್ಲಿ ಇಲ್ಲವೆಂಬುದನ್ನು ಪ್ರೀತಿಸತೊಡಗುತ್ತಾನೆ. ಮೊದಲ ಮೆಟ್ಟಿಲಿನಲ್ಲಿ ಸಂಗೀತವಿತ್ತು, ಕೊನೆಯ ಮೆಟ್ಟಿಲಿನಲ್ಲಿ ಅದು ಇಲ್ಲ. ಪರಿಮಾಣವ್ರತವು ಸಂಗೀತವನ್ನು ಶ್ರಾವಕನಿಂದ ಕಸಿದುಕೊಳ್ಳುವುದಿಲ್ಲ. ಆ ಮೊದಲ ಮೆಟ್ಟಿಲಿನಲ್ಲಿಯೇ ಅವನನ್ನು ನಿಲ್ಲಿಸುತ್ತದೆ. ಸಂಗೀತಸಮಯಸಾರವೆಂಬ ಶಾಸ್ತ್ರಗ್ರಂಥವನ್ನು ರಚಿಸಿದ ಪಾರ್ಶ್ವದೇವರು ಜೈನರೇ ಆಗಿದ್ದರು. ಸಂಗೀತದ ಅನಾದರವು ನಮ್ಮ ಪರಂಪರೆಯ ಲಕ್ಷಣವಲ್ಲ.

ಅಚೌರ್ಯವೂ ಅಗ್ಗದ ಪ್ರತಿಯೂ

ವಸ್ತುವು ದುಬಾರಿಯಾದಾಗ ಮತ್ತೊಂದು ಮಾರ್ಗ ತೆರೆದುಕೊಳ್ಳುತ್ತದೆ. ಅದು ಸುಂಕ ತಪ್ಪಿಸಿ ತಂದ ಸರಕಿನ, ಇಲ್ಲವೆ ನಕಲು ಪ್ರತಿಯ ಮಾರ್ಗ. ಧ್ವನಿಮುದ್ರಣಕ್ಕೆ ಕಾನೂನಿನ ರಕ್ಷಣೆ ದೊರೆತುದು ಬ್ರಿಟನ್ನಿನ 1911ರ ಮತ್ತು ಅದನ್ನನುಸರಿಸಿದ ಭಾರತದ 1914ರ ಕೃತಿಸ್ವಾಮ್ಯ ಶಾಸನಗಳಿಂದ. ಸ್ವಾತಂತ್ರ್ಯಾನಂತರ 1957ರಲ್ಲಿ ನಮ್ಮದೇ ಶಾಸನ ಬಂದಿತು. ಆದರೂ 1980ರ ದಶಕದಲ್ಲಿ ಕ್ಯಾಸೆಟ್ಟುಗಳು ಮನೆಮನೆಯನ್ನು ಹೊಕ್ಕಾಗ ನಕಲು ಕ್ಯಾಸೆಟ್ಟುಗಳ ಪ್ರವಾಹವೇ ಹರಿಯಿತು. ಹೊರದೇಶದಿಂದ ಗುಟ್ಟಾಗಿ ಬಂದ ಸರಕನ್ನು ಹೆಮ್ಮೆಯಿಂದ ತೋರಿಸುವ ಕಾಲವೂ ಇತ್ತು.

ಅಚೌರ್ಯ ವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳನ್ನು ಈ ಹಿನ್ನೆಲೆಯಲ್ಲಿ ಓದಿದರೆ ಆಶ್ಚರ್ಯವಾಗುತ್ತದೆ. ಕಳವಿಗೆ ಪ್ರೇರೇಪಿಸುವುದು, ಕದ್ದು ತಂದುದನ್ನು ಸ್ವೀಕರಿಸುವುದು, ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವುದು, ತೂಕ ಅಳತೆಗಳಲ್ಲಿ ಮೋಸ ಮಾಡುವುದು, ನಕಲಿ ವಸ್ತುವನ್ನು ಅಸಲಿಯೆಂದು ಮಾರುವುದು ಇವೇ ಆ ಐದು. ಕಳ್ಳಸಾಗಾಣಿಕೆಯ ಸರಕು ಮೂರನೆಯದಕ್ಕೆ, ಅಸಲಿಯೆಂದು ಮಾರುವ ನಕಲು ಐದನೆಯದಕ್ಕೆ, ತಿಳಿದೂ ತಿಳಿದೂ ಅವನ್ನು ಕೊಳ್ಳುವವನು ಎರಡನೆಯದಕ್ಕೆ ಸೇರುತ್ತಾನೆ. ತಾನು ಕದಿಯಲಿಲ್ಲ, ಕದ್ದವನಿಂದ ಕೊಂಡೆ ಎಂಬ ಸಮಜಾಯಿಷಿಗೆ ಸೂತ್ರಕಾರರು ಶತಮಾನಗಳ ಹಿಂದೆಯೇ ಅವಕಾಶವನ್ನು ಮುಚ್ಚಿದ್ದಾರೆ.

ಇನ್ನೊಂದು ಮಾತೂ ಇದೆ. ಆರಂಭದ ಕಾಲದಲ್ಲಿ ಗಾಯಕರಿಗೆ ಕಂಪನಿಗಳು ಒಮ್ಮೆ ಸಂಭಾವನೆ ಕೊಟ್ಟು ಕೈತೊಳೆದುಕೊಳ್ಳುವುದು ವಾಡಿಕೆಯಾಗಿತ್ತು. ತಟ್ಟೆ ಸಾವಿರ ಮಾರಾಟವಾದರೂ ಲಕ್ಷ ಮಾರಾಟವಾದರೂ ಹಾಡಿದವರಿಗೆ ಅದರ ಪಾಲು ಸೇರುತ್ತಿರಲಿಲ್ಲ. 2012ರಲ್ಲಿ ನಮ್ಮ ಕೃತಿಸ್ವಾಮ್ಯ ಶಾಸನಕ್ಕೆ ಆದ ತಿದ್ದುಪಡಿಯು ಗೀತರಚನಕಾರರಿಗೂ ಸ್ವರಸಂಯೋಜಕರಿಗೂ ಗೌರವಧನದ ಹಕ್ಕನ್ನು ದೃಢಪಡಿಸಿತು, ಪ್ರದರ್ಶಕ ಕಲಾವಿದರ ಹಕ್ಕುಗಳನ್ನೂ ವಿಸ್ತರಿಸಿತು. ಅಂದರೆ ಒಂದು ಶತಮಾನಕ್ಕೂ ಹೆಚ್ಚು ಕಾಲ, ಕಾನೂನುಬದ್ಧವಾಗಿ ಕೊಂಡ ತಟ್ಟೆಯಲ್ಲಿಯೂ ಹಾಡಿದವರ ಪಾಲು ಅನಿಶ್ಚಿತವಾಗಿಯೇ ಇತ್ತು. ಕಾನೂನು ಸಮ್ಮತಿಸಿದ್ದೆಲ್ಲ ಧರ್ಮಸಮ್ಮತವೆಂದು ತಿಳಿಯಬಾರದೆಂಬುದಕ್ಕೆ ಇದೂ ಒಂದು ನಿದರ್ಶನ.

ಮೈಸೂರಿನ ಕೊನೆಯ ದಿನಗಳು

ಸುಮಾರು 600 ಹಾಡುಗಳನ್ನು ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಮುದ್ರಿಸಿದರೆಂದು ಹೇಳಲಾಗುವ, 1911ರ ದೆಹಲಿ ದರಬಾರಿನಲ್ಲಿ ಹಾಡಿದ ಗೌಹರ್ ಜಾನ್ ಕೊನೆಗಾಲದಲ್ಲಿ ಬಂದು ಸೇರಿದ್ದು ನಮ್ಮ ನಾಡನ್ನು. ವೈಭವವು ಕರಗಿ, ಆಶ್ರಯವನ್ನು ಅರಸುತ್ತಿದ್ದ ಅವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅರಮನೆಯ ವಿದುಷಿಯಾಗಿ ನೇಮಿಸಿದರು. 1930ರ ಜನವರಿ 17ರಂದು ಅವರು ಮೈಸೂರಿನಲ್ಲಿಯೇ ನಿಧನರಾದರು. ಯಾವ ಕಂಠವನ್ನು ಕೇಳಲು ದೇಶದ ರಸಿಕರು ಪರದೇಶದ ತಟ್ಟೆಗಳನ್ನು ತರಿಸಿದರೋ ಆ ಕಂಠದ ಒಡತಿಯ ಮುಪ್ಪಿಗೆ ಆ ತಟ್ಟೆಗಳು ಆಸರೆಯಾಗಲಿಲ್ಲ. ಆಸರೆಯಾದುದು ಒಬ್ಬ ಅರಸನ ಔದಾರ್ಯ.

ಈ ಸಂದರ್ಭದಲ್ಲಿ ಕನ್ನಡದ ಶ್ರಾವಕನಿಗೆ ನೆನಪಾಗುವುದು ಪಂಪನು 941ರಲ್ಲಿ ರಚಿಸಿದ ಆದಿಪುರಾಣದ ನೀಲಾಂಜನೆಯ ಪ್ರಸಂಗ. ಪುರುದೇವನ ಸಭೆಯಲ್ಲಿ ನರ್ತಿಸುತ್ತಿದ್ದ ನೀಲಾಂಜನೆಯ ಆಯುಷ್ಯವು ನೃತ್ಯದ ಮಧ್ಯದಲ್ಲಿಯೇ ತೀರುತ್ತದೆ. ರಸಭಂಗವಾಗಬಾರದೆಂದು ಇಂದ್ರನು ಅವಳಂತೆಯೇ ಇರುವ ಮತ್ತೊಬ್ಬಳನ್ನು ಕ್ಷಣಮಾತ್ರದಲ್ಲಿ ಸೃಷ್ಟಿಸಿ ನಿಲ್ಲಿಸುತ್ತಾನೆ. ಸಭೆಯಲ್ಲಿದ್ದವರು ಅದನ್ನು ಅರಿಯುವುದಿಲ್ಲ. ಪ್ರತಿರೂಪವನ್ನು ಮೂಲವೆಂದೇ ತಿಳಿದು ಸಂತೋಷಪಡುತ್ತಾರೆ. ಪುರುದೇವನೊಬ್ಬನೇ ಅದನ್ನು ಕಂಡು ವೈರಾಗ್ಯಪರನಾಗುತ್ತಾನೆ. ಧ್ವನಿಮುದ್ರಿಕೆಯೂ ಇಂದ್ರನ ಆ ಮಾಯೆಯಂತೆಯೇ. ಹಾಡುವವರು ಹೋಗಿರುತ್ತಾರೆ, ಹಾಡು ನಡೆಯುತ್ತಿರುತ್ತದೆ. ಸಭೆಯಂತೆ ಕೇಳುವುದೂ ಪುರುದೇವನಂತೆ ಕೇಳುವುದೂ ನಮಗೆ ಬಿಟ್ಟದ್ದು.

ಇಂದಿನ ಶ್ರಾವಕರಿಗೆ

ಇಂದು ಹಾಡುಗಳು ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಬರುತ್ತವೆ. ತಟ್ಟೆಗಾಗಿ ಹಡಗನ್ನು ಕಾಯುವವರಿಲ್ಲ. ಆದರೂ ಹೊರದೇಶದಿಂದ ತರಿಸುವ ಹೊಸ ವಿನೈಲ್ ತಟ್ಟೆಗಳಿಗೆ ಮತ್ತೆ ಗಿರಾಕಿಗಳು ಹುಟ್ಟಿದ್ದಾರೆ, ನಮ್ಮ ಮನೆಗಳ ತರುಣರೂ ಅವರಲ್ಲಿದ್ದಾರೆ. ಅವರನ್ನು ಗದರಿಸುವುದರಿಂದ ಪ್ರಯೋಜನವಿಲ್ಲ. ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸವನ್ನು ಹಿರಿಯರು ಬೆಳೆಸಬಹುದು. ಇದು ಯಾವ ದ್ರವ್ಯದಿಂದ, ಯಾರ ಶ್ರಮದಿಂದ ಆದುದು? ನ್ಯಾಯವಾದ ಮಾರ್ಗದಿಂದ ಬಂದುದೇ? ಹಾಡಿದವರಿಗೆ ಅವರ ಪಾಲು ಸೇರುವುದೇ? ನಮ್ಮಲ್ಲಿ ಈಗಾಗಲೇ ಇರುವುದನ್ನು ನಾವು ಕೇಳಿ ಮುಗಿಸಿದ್ದೇವೆಯೇ? ಈ ನಾಲ್ಕಕ್ಕೂ ಪ್ರಾಮಾಣಿಕವಾದ ಉತ್ತರ ದೊರೆತ ಮೇಲೆ ಕೊಂಡರೆ ಅದು ವಿವೇಕದ ಕೊಳ್ಳುವಿಕೆ, ಬಿಟ್ಟರೆ ಅದು ವಿವೇಕದ ತ್ಯಾಗ.

ಬಸದಿಗಳ ಆಡಳಿತ ಮಂಡಳಿಗಳ ಹೊಣೆ ಇನ್ನೂ ಹೆಚ್ಚಿನದು. ಅಭಿಷೇಕ, ಆರತಿಗಳ ವೇಳೆಯಲ್ಲಿ ಮುದ್ರಿತ ಸ್ತೋತ್ರಗಳನ್ನು ನುಡಿಸುವ ರೂಢಿ ಹಲವೆಡೆ ಬಂದಿದೆ. ಹಾಗೆ ನುಡಿಸುವುದಾದರೆ ಯಾರೋ ನಕಲು ಮಾಡಿಕೊಟ್ಟ ಪ್ರತಿಯನ್ನು ದೇವರ ಸನ್ನಿಧಿಯಲ್ಲಿ ಬಳಸಬಾರದು. ನ್ಯಾಯವಾಗಿ ಪಡೆದುದನ್ನೇ ಬಳಸಬೇಕು. ಅದಕ್ಕಿಂತ ಮುಖ್ಯವಾಗಿ, ಯಂತ್ರವು ಹಾಡತೊಡಗಿದ ಮೇಲೆ ಭಕ್ತರು ಬಾಯಿ ಮುಚ್ಚಿ ನಿಲ್ಲುವಂತಾಗಬಾರದು. ವಾರಕ್ಕೊಮ್ಮೆಯಾದರೂ ಮಕ್ಕಳಿಗೆ ಸ್ತೋತ್ರಗಳನ್ನು ಹಾಡಲು ಕಲಿಸುವ ಒಬ್ಬರಿಗೆ ಯೋಗ್ಯವಾದ ಸಂಭಾವನೆ ಕೊಡುವುದು, ಹೊಸ ಧ್ವನಿವರ್ಧಕವನ್ನು ಕೊಳ್ಳುವುದಕ್ಕಿಂತ ಉತ್ತಮವಾದ ವಿನಿಯೋಗವಾದೀತು.

ಹಳೆಯ ಮನೆಗಳ ಅಟ್ಟದಲ್ಲಿ ಅರಗಿನ ತಟ್ಟೆಗಳು ಇನ್ನೂ ದೊರೆಯುವುದುಂಟು. ಕೀಟಜನ್ಯವೆಂಬ ಕಾರಣಕ್ಕೆ ಅವನ್ನು ಒಡೆದು ಎಸೆಯುವುದರಿಂದ ಆಗಿಹೋದ ಹಿಂಸೆ ಅಳಿಯುವುದಿಲ್ಲ. ಅಷ್ಟು ಜೀವಿಗಳ ಬೆಲೆ ತೆತ್ತು ಉಳಿದುಬಂದ ಧ್ವನಿಯನ್ನು ನಿರ್ಲಕ್ಷ್ಯದಿಂದ ಹಾಳುಮಾಡುವುದು ಅನರ್ಥದಂಡವೇ ಸರಿ. ಅಂಥ ತಟ್ಟೆಗಳಿದ್ದರೆ ಅವನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ, ಬಿಸಿಲು ತೇವಗಳಿಂದ ಕಾಪಾಡಿ, ಧ್ವನಿಸಂಗ್ರಹಾಲಯಗಳಿಗೆ ಒಪ್ಪಿಸುವುದು ಯುಕ್ತ. ಅರಗಿನ ಹುಳು ತನ್ನ ಮೈಯಿಂದ ಒಸರಿದುದನ್ನು ಕೊಟ್ಟಿತು, ಗಾಯಕಿಯು ಉಸಿರನ್ನು ಕೊಟ್ಟರು. ಅವನ್ನು ಜೋಪಾನವಾಗಿಟ್ಟು ಮುಂದಿನವರಿಗೆ ಮುಟ್ಟಿಸುವುದು ನಮ್ಮ ಪಾಲಿಗೆ ಉಳಿದ ಕೆಲಸ.